ದೀಕ್ಷಾಸ್ನಾನ: ಮಾಡಿಸಿದ್ದೋ, ತಗೊಂಡದ್ದೋ?

ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಯ, ಮಾತು ಬಂದಾಗ ಕ್ರಿಯಾಪದದ ಮೇಲೆ ಸ್ವಲ್ಪ ಕಿವಿ ಇಡಿ. ದಕ್ಷಿಣ ಭಾರತ ಸಭೆಯ (ಸಿಎಸ್‌ಐ ಚರ್ಚಿನ) ಅಜ್ಜಿ, "ಬರೋ ಭಾನುವಾರ ಮೊಮ್ಮಗಳಿಗೆ ದೀಕ್ಷಾಸ್ನಾನ ಮಾಡಿಸ್ತಿದ್ದೀವಿ" ಅನ್ನುತ್ತಾರೆ. ಪೆಂತೆಕೋಸ್ತ್ ಸಭೆಗೆ ಹೋಗುವ ಪಕ್ಕದ ಮನೆಯ ಹುಡುಗ, "ನಾನು ಹೋದ ವರ್ಷ ದೀಕ್ಷಾಸ್ನಾನ ತಗೊಂಡೆ" ಅನ್ನುತ್ತಾನೆ. ಒಬ್ಬರು ಮಾಡಿಸುತ್ತಾರೆ, ಇನ್ನೊಬ್ಬ ತಗೊಳ್ಳುತ್ತಾನೆ. ಕ್ರೈಸ್ತ ಸಭೆಗಳನ್ನು ಐನೂರು ವರ್ಷಗಳಿಂದ ಎರಡು ಪಾಲು ಮಾಡಿರುವ ವಾದವೆಲ್ಲ ಈ ಎರಡು ಮಾತುಗಳಲ್ಲಿದೆ. ದೀಕ್ಷಾಸ್ನಾನ ದೇವರು ಮನುಷ್ಯನಿಗೆ ಕೊಡುವಂಥದ್ದೋ, ಮನುಷ್ಯ ದೇವರಿಗೆ ಕೊಡುವ ಉತ್ತರವೋ?

ಎರಡನ್ನೂ ಹತ್ತಿರದಿಂದ ನೋಡಿದವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮಗುವಿನದಾದರೆ ಬಿಳಿ ಬಟ್ಟೆ ತೊಟ್ಟ ಕೂಸನ್ನು ತಾಯಿ ಸಭಾಪಾಲಕರ ಕೈಗೆ ಕೊಡುತ್ತಾಳೆ. ಅವರು ಎಡತೋಳಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಬಲಗೈ ಬೊಗಸೆಯಲ್ಲಿ ನೀರು ತೆಗೆದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳುತ್ತ ಮೂರು ಸಲ ನೆತ್ತಿಯ ಮೇಲೆ ಹಾಕುತ್ತಾರೆ. ತಣ್ಣೀರು ತಗುಲಿದ ಕೂಡಲೇ ಮಗು ಅಳುತ್ತದೆ. ಪ್ರಶ್ನೆಗಳಿಗೆ ಉತ್ತರ ಕೊಡುವವರು ತಂದೆತಾಯಿ. ನಾವೂ ಈ ಮಗುವನ್ನು ನೋಡಿಕೊಳ್ಳುತ್ತೇವೆ ಎಂದು ಮಾತು ಕೊಡುವುದು ಸಭೆ. ದೊಡ್ಡವರದಾದರೆ ತೊಟ್ಟಿ, ಕೆರೆ ಅಥವಾ ಹೊಳೆ ಬೇಕು. ಎದೆಮಟ್ಟದ ನೀರಲ್ಲಿ ನಿಂತ ವ್ಯಕ್ತಿಯನ್ನು ಬೋಧಕರು ಎಲ್ಲರ ಮುಂದೆ ಕೇಳುತ್ತಾರೆ: ಯೇಸುವನ್ನು ನಿನ್ನ ರಕ್ಷಕನೆಂದು ನಂಬುತ್ತೀಯಾ? ಅವನೇ ಬಾಯಿಬಿಟ್ಟು ಹೇಳಬೇಕು. ಬಳಿಕ ಅವನನ್ನು ಹಿಮ್ಮುಖವಾಗಿ ಬಾಗಿಸಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಮುಳುಗುವುದು ಹಳೆಯ ಬದುಕಿನ ಸಾವು ಮತ್ತು ಹೂಳುವಿಕೆ, ಏಳುವುದು ಹೊಸ ಜೀವ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದ ಚಿತ್ರ ಇದು.

ಮಕ್ಕಳಿಗೆ ಮಾಡಿಸುವ ಕಥೋಲಿಕ, ಆಂಗ್ಲಿಕನ್, ಲೂಥರನ್, ರಿಫಾರ್ಮ್ಡ್, ಮೆಥೊಡಿಸ್ಟ್ ಸಭೆಗಳು ಹೇಳುವುದಿಷ್ಟು: ಕೃಪೆ ಮೊದಲು ಬರುತ್ತದೆ, ತಿಳಿವಳಿಕೆ ಆಮೇಲೆ. ತಾಯಿ ಹಾಲು ಕೊಡುವುದು ಕೂಸಿಗೆ ಅರ್ಥವಾದ ಮೇಲಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಎಂಟನೆಯ ದಿನದ ಗಂಡುಮಗುವಿಗೆ ಸುನ್ನತಿ ಮಾಡಿ ದೇವಜನರೊಳಗೆ ಸೇರಿಸುತ್ತಿದ್ದರಲ್ಲ, ಹೊಸ ಒಡಂಬಡಿಕೆಯಲ್ಲಿ ದೇವರ ಕೈ ಅದಕ್ಕಿಂತ ಗಿಡ್ಡವಾಯಿತೇ? ಬ್ಯಾಪ್ಟಿಸ್ಟ್, ಮೆನೊನೈಟ್, ಬ್ರೆದ್ರನ್, ಪೆಂತೆಕೋಸ್ತ್ ಸಭೆಗಳ ಉತ್ತರವೂ ಅಷ್ಟೇ ನೇರ: ನಂಬಿಕೆಯನ್ನು ಯಾರೂ ಯಾರ ಪರವಾಗಿಯೂ ಇಡಲಾಗದು. ಮೊದಲು ಕೇಳಬೇಕು, ಮನ ತಿರುಗಬೇಕು, ಆಮೇಲೆ ನೀರಿಗಿಳಿಯಬೇಕು.

ಹೊಸ ಒಡಂಬಡಿಕೆಯನ್ನು ತೆರೆದರೆ ಜಗಳ ತೀರುತ್ತದೆ ಎಂದುಕೊಂಡರೆ ಅದೂ ಇಲ್ಲ. ಇಂಥ ಕೂಸಿಗೆ ದೀಕ್ಷಾಸ್ನಾನವಾಯಿತೆಂದು ಹೆಸರಿಟ್ಟು ಹೇಳುವ ಒಂದು ವಾಕ್ಯವೂ ಅಲ್ಲಿಲ್ಲ, ಮಕ್ಕಳಿಗೆ ಕೊಡಬೇಡಿ ಎನ್ನುವ ವಾಕ್ಯವೂ ಇಲ್ಲ. ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಕೆನ್ನೇರಳೆ ಬಣ್ಣದ ವ್ಯಾಪಾರ ಮಾಡುತ್ತಿದ್ದ ಲುದ್ಯ ತನ್ನ ಮನೆಯವರ ಸಮೇತ ದೀಕ್ಷಾಸ್ನಾನ ಹೊಂದುತ್ತಾಳೆ. ಫಿಲಿಪ್ಪಿಯ ಸೆರೆಮನೆ ಯಜಮಾನನೂ ಮನೆಯವರೆಲ್ಲರ ಜತೆ. ಆ 'ಮನೆಯವರು' ಎಂಬ ಪದದಲ್ಲಿ ತೊಟ್ಟಿಲ ಕೂಸು ಇತ್ತೋ ಇಲ್ಲವೋ ಎಂಬುದರ ಮೇಲೆ ಗ್ರಂಥಗಟ್ಟಲೆ ಬರೆದಿದ್ದಾರೆ. ಕೂಡುಕುಟುಂಬ ಕಂಡ ನಮ್ಮಂಥವರಿಗೆ ಆ ಪದ ಒಂದು ಬಗೆಯಲ್ಲಿ ಕೇಳಿಸುತ್ತದೆ, ಒಬ್ಬೊಬ್ಬರೇ ಬಾಳುವ ಊರಿನವರಿಗೆ ಇನ್ನೊಂದು ಬಗೆಯಲ್ಲಿ. ಮಿಷನ್ ಕೆಲಸದಲ್ಲಿ ಈ ಅಂತರ ಎಷ್ಟು ದೊಡ್ಡದಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲ ಶತಮಾನಗಳಲ್ಲಿ ಎರಡೂ ರೂಢಿ ಇದ್ದವು. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್, ಚಿಕ್ಕವರಿಗೇಕೆ ಇಷ್ಟು ಅವಸರ ಎಂದು ಆಕ್ಷೇಪಿಸಿದ. ಆಕ್ಷೇಪ ಬಂದಿದೆ ಎಂದರೆ ರೂಢಿ ಆಗಲೇ ಇತ್ತೆಂದೇ ಅರ್ಥ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಸಭೆಯ ದೊಡ್ಡ ಚಿಂತಕ ಆಗಸ್ಟಿನನ ತಾಯಿ ಮೋನಿಕಾ ಕ್ರೈಸ್ತಳಾಗಿದ್ದರೂ ಮಗನಿಗೆ ಕೂಸಿದ್ದಾಗ ಮಾಡಿಸಿರಲಿಲ್ಲ. ಆತ 387ರ ಈಸ್ಟರ್‌ನಲ್ಲಿ ಮಿಲಾನಿನಲ್ಲಿ ಪಡೆದ. ಅದೇ ಆಗಸ್ಟಿನ್ ಮುಂದೆ ಹುಟ್ಟಿನಿಂದಲೇ ಬರುವ ಪಾಪದ ಬಗ್ಗೆ ಬರೆದು ಶಿಶು ದೀಕ್ಷಾಸ್ನಾನಕ್ಕೆ ಅತಿ ಗಟ್ಟಿ ಆಧಾರ ಕಟ್ಟಿಕೊಟ್ಟ. ಕ್ರಮೇಣ ಯುರೋಪಿನಲ್ಲಿ ಹುಟ್ಟುವುದು ಅಂದರೆ ಕ್ರೈಸ್ತನಾಗುವುದು ಎಂದಾಯಿತು. 1525ರ ಜನವರಿ 21ರಂದು ಜ್ಯೂರಿಕ್‌ನಲ್ಲಿ ಕೊನ್ರಾಡ್ ಗ್ರೆಬೆಲ್ ತನ್ನ ಗೆಳೆಯ ಜಾರ್ಜ್ ಬ್ಲೌರಾಕ್‌ನಿಗೆ ದೊಡ್ಡವನಾದ ಮೇಲೆ ದೀಕ್ಷಾಸ್ನಾನ ಕೊಟ್ಟಾಗ ಊರಿನ ಆಡಳಿತ ಅದನ್ನು ಬಂಡಾಯವೆಂದೇ ತಿಳಿಯಿತು. ಎರಡು ವರ್ಷದೊಳಗೆ, 1527ರ ಜನವರಿ 5ರಂದು, ಆ ಗುಂಪಿನ ಫೆಲಿಕ್ಸ್ ಮಾಂಜ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿನ ವಿಷಯಕ್ಕೆ ನೀರಿನಲ್ಲೇ ಶಿಕ್ಷೆ. ಕ್ರೈಸ್ತರೇ ಕ್ರೈಸ್ತನಿಗೆ ಹೀಗೆ ಮಾಡಿದ್ದನ್ನು ಓದುವಾಗ ಇಂದಿಗೂ ಮನಸ್ಸು ನೋಯುತ್ತದೆ.

ಇದೆಲ್ಲ ಯುರೋಪಿನ ಜಗಳ. ಅಲ್ಲಿ ಪ್ರಶ್ನೆ ಇದ್ದದ್ದು ಕ್ರೈಸ್ತ ನಾಡಿನ ಮಗುವಿನ ಬಗ್ಗೆ. ಮಿಷನರಿ ಹಡಗು ಹತ್ತಿ ಬೇರೆ ನಾಡಿಗೆ ಬಂದಾಗ ಪ್ರಶ್ನೆಯೇ ಬದಲಾಯಿತು. ಹಲವರು ತಿಳಿದಿರುವ ಹಾಗೆ, ಶಿಶು ದೀಕ್ಷಾಸ್ನಾನದ ಮಿಷನ್‌ಗಳು ಕೂಸುಗಳಿಗೆ ಮಾತ್ರ ಕೊಟ್ಟವು, ಬ್ಯಾಪ್ಟಿಸ್ಟರು ಮಾತ್ರ ದೊಡ್ಡವರಿಗೆ ಕೊಟ್ಟರು ಎಂಬುದು ಸರಿಯಲ್ಲ. ಹೊಸ ನಾಡಿನಲ್ಲಿ ಸಭೆಯ ಬುನಾದಿ ದೊಡ್ಡವರ ದೀಕ್ಷಾಸ್ನಾನವೇ. ಕ್ರೈಸ್ತ ತಂದೆತಾಯಿಯೇ ಇಲ್ಲದ ಊರಿನಲ್ಲಿ ಕ್ರೈಸ್ತ ಮಗು ಎಲ್ಲಿಂದ ಬರಬೇಕು? ಹಾಗಾಗಿ ಎರಡು ಪಂಗಡಗಳ ದಾರಿ ಬೇರೆಯಾಗುವುದು ಮೊದಲ ತಲೆಮಾರಿನಲ್ಲಲ್ಲ, ಆ ತಲೆಮಾರಿನ ಮನೆಯಲ್ಲಿ ತೊಟ್ಟಿಲು ತೂಗಿದಾಗ.

1800ರ ಡಿಸೆಂಬರ್ 28ರಂದು ಬಂಗಾಳದ ಸೇರಾಂಪುರದಲ್ಲಿ ನಡೆದದ್ದನ್ನು ನೋಡಿ. ಆಗ ಅದು ಡೆನ್ಮಾರ್ಕಿನವರ ಕೈಯಲ್ಲಿದ್ದ ಊರು. ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ ಪ್ರಾರ್ಥನಾಮಂದಿರದಿಂದ ಗಂಗೆಯ ಕವಲಾದ ಹೂಗ್ಲಿ ನದಿಯ ಘಾಟಿಗೆ ನಡೆದು ಬರುತ್ತಾನೆ. ಒಂದು ಪಕ್ಕದಲ್ಲಿ ಅವನ ಸ್ವಂತ ಮಗ, ಇನ್ನೂ ಹದಿಹರೆಯದ ಫೀಲಿಕ್ಸ್. ಇನ್ನೊಂದು ಪಕ್ಕದಲ್ಲಿ ಬಡಗಿ ಕೃಷ್ಣಪಾಲ. ಈ ಹೊಳೆಯಲ್ಲಿ ದೈವಶಕ್ತಿ ಇದೆಯೆಂದು ನಾವು ಇಲ್ಲಿಗೆ ಬಂದಿಲ್ಲ, ಇದು ಬರಿಯ ನೀರು ಎಂದು ಕೇರಿ ನೆರೆದವರಿಗೆ ಬಿಡಿಸಿ ಹೇಳಿದ. ಗಂಗೆಯ ದಡದಲ್ಲಿ ಅದನ್ನು ಹೇಳದೆ ಬಿಟ್ಟಿದ್ದರೆ ಜನ ಆ ಮುಳುಗನ್ನು ತಮಗೆ ಗೊತ್ತಿದ್ದ ಪುಣ್ಯಸ್ನಾನವೆಂದೇ ತಿಳಿಯುತ್ತಿದ್ದರು. ಬಳಿಕ ಮೊದಲು ಮಗನನ್ನು, ಆಮೇಲೆ ಕೃಷ್ಣಪಾಲನನ್ನು ಮುಳುಗಿಸಿದ. ನನಗೆ ಇಲ್ಲಿ ಬಹಳ ಮುಖ್ಯವಾಗಿ ಕಾಣುವುದು ಫೀಲಿಕ್ಸ್. ಮಿಷನರಿಯ ಮನೆಯಲ್ಲಿ ಬೆಳೆದ ಹುಡುಗನೂ ಕಾಯಬೇಕಾಯಿತು, ಕೃಷ್ಣಪಾಲನ ಸಾಲಿನಲ್ಲೇ ನಿಂತು ತನ್ನ ಬಾಯಿಂದಲೇ ಹೇಳಬೇಕಾಯಿತು. ಬ್ಯಾಪ್ಟಿಸ್ಟ್ ನಿಲುವಿನ ಬಲ ಇದು: ನಂಬಿಕೆಗೆ ವಂಶಾವಳಿ ಇಲ್ಲ.

ಕೃಷ್ಣಪಾಲನ ಮಟ್ಟಿಗೆ ದೊಡ್ಡ ಗೆರೆ ದಾಟಿದ್ದು ಮಾತ್ರ ನದಿಯಲ್ಲಲ್ಲ. ಅದಕ್ಕೆ ಕೆಲವು ದಿನ ಮೊದಲು, ಮಿಷನರಿಗಳ ಜತೆ ಕೂತು ಉಂಡದ್ದರಲ್ಲಿ. ಪಂಕ್ತಿ ಮುರಿದರೆ ಜಾತಿ ಹೋಯಿತು. ಊರಿನವರಿಗೆ ಆ ಊಟ ದೀಕ್ಷಾಸ್ನಾನಕ್ಕಿಂತ ಚೆನ್ನಾಗಿ ಅರ್ಥವಾಗಿತ್ತು.

ಹಡಗಿನ ಮೇಲೆಯೇ ಮನಸ್ಸು ಬದಲಾದವರೂ ಇದ್ದಾರೆ. ಅಮೆರಿಕದ ಅಡೊನಿರಾಮ್ ಜಡ್ಸನ್ 1812ರಲ್ಲಿ ಹೊರಟದ್ದು ಶಿಶು ದೀಕ್ಷಾಸ್ನಾನ ನಡೆಸುವ ಕಾಂಗ್ರಿಗೇಷನಲ್ ಸಭೆಯವರ ಖರ್ಚಿನಲ್ಲಿ. ಸೇರಾಂಪುರದ ಬ್ಯಾಪ್ಟಿಸ್ಟರನ್ನು ಎದುರಿಸಬೇಕಲ್ಲ ಎಂದು ದಾರಿಯುದ್ದಕ್ಕೂ ಗ್ರೀಕ್ ಒಡಂಬಡಿಕೆ ಓದಿದ. ಓದುತ್ತ ಓದುತ್ತ ಅವರೇ ಸರಿ ಎನಿಸಿತು. ಕಲ್ಕತ್ತಾದಲ್ಲಿ ಹೆಂಡತಿ ಆನ್ ಜತೆ ಮುಳುಗಿ ದೀಕ್ಷಾಸ್ನಾನ ತಗೊಂಡು, ಕಳಿಸಿದ ಸಂಘಕ್ಕೆ ರಾಜೀನಾಮೆ ಬರೆದ. ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದೆ ಮನಸ್ಸಾಕ್ಷಿಗಾಗಿ ಹಾಗೆ ನಿಲ್ಲುವುದು ಸಣ್ಣ ಮಾತಲ್ಲ.

ಜಗಳ ಪದಕ್ಕೂ ಬಂತು. ಗ್ರೀಕಿನ 'ಬಾಪ್ತಿಜೋ' ಎಂಬ ಕ್ರಿಯೆಗೆ ಅದ್ದು, ಮುಳುಗಿಸು ಎಂಬ ಅರ್ಥವಿದೆ. ಸೇರಾಂಪುರದವರು ಬಂಗಾಳಿ ಬೈಬಲಿನಲ್ಲಿ ಮುಳುಗಿಸುವುದೆಂದೇ ಅನುವಾದಿಸಿದರು. ನೀರು ಚಿಮುಕಿಸುವ ಸಭೆಗಳು ಆ ಬೈಬಲನ್ನು ಹೇಗೆ ಬಳಸಬೇಕು? 1830ರ ದಶಕದಲ್ಲಿ ಬೈಬಲ್ ಸೊಸೈಟಿ ಅಂಥ ಅನುವಾದಗಳಿಗೆ ಹಣ ನಿಲ್ಲಿಸಿತು. 1840ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರು ತಮ್ಮದೇ ಬೈಬಲ್ ಅನುವಾದ ಸಂಘ ಕಟ್ಟಿಕೊಂಡರು. ಕನ್ನಡದ 'ದೀಕ್ಷಾಸ್ನಾನ' ಈ ತೊಡಕಿನಿಂದ ಜಾಣತನದಿಂದ ಪಾರಾಗಿದೆ. ಸ್ನಾನ ಅಂದಮೇಲೆ ತಂಬಿಗೆಯಿಂದ ಹೊಯ್ದುಕೊಂಡರೂ ಸ್ನಾನವೇ, ಹೊಳೆಯಲ್ಲಿ ಮುಳುಗಿದರೂ ಸ್ನಾನವೇ. ಅದಕ್ಕೆ ಸೇರಿಕೊಂಡಿರುವ 'ದೀಕ್ಷೆ' ನೀರಿನ ಲೆಕ್ಕವನ್ನು ದಾಟಿ ಗುರು, ಶಿಷ್ಯ, ವ್ರತ, ಹೊಸ ಬಾಳು ಎಂಬ ಅರ್ಥಗಳನ್ನೆಲ್ಲ ಹೊತ್ತು ತರುತ್ತದೆ. ಕಥೋಲಿಕರು ಬಳಸುವ 'ಸ್ನಾನದೀಕ್ಷೆ'ಯಲ್ಲಿ ಅವೇ ಎರಡು ಪದ ಹಿಂದುಮುಂದಾಗಿವೆ.

ಈಗ ನಮ್ಮ ಕರಾವಳಿಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಪರಂಪರೆಯದು, ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಬೆರೆತದ್ದು. ಆದರೆ ಊರನ್ನು ನಡುಗಿಸಿದ್ದು ಅವರು ಕೊಟ್ಟ ಒಂದು ದೊಡ್ಡವರ ದೀಕ್ಷಾಸ್ನಾನ. 1844ರ ಜನವರಿ 6ರಂದು ಹದಿನೆಂಟರ ಹರೆಯದ ಸಾರಸ್ವತ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ಯುವಕರೊಂದಿಗೆ ದೀಕ್ಷಾಸ್ನಾನ ಪಡೆದರು. ಗುರು ಹೆರ್ಮನ್ ಮೊಗ್ಲಿಂಗ್ ಅವರ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಹಳೆಯ ಹೆಸರನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಊರಲ್ಲಿ ಗದ್ದಲವೆದ್ದಿತು. ಮದುವೆಯಾಗಿತ್ತು, ಪತ್ನಿ ಅವರ ಜತೆ ಬಾಳಲು ಬರಲಿಲ್ಲ. ಮುಂದೆ ಅವರು ಬಾಸೆಲ್‌ನಲ್ಲಿ ಓದಿ ಬೋಧಕರಾಗಿ ಮರಳಿದರು, ಎಷ್ಟೋ ವರ್ಷಗಳ ನಂತರ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು.

ಆ ಹುಡುಗನ ನೆತ್ತಿಯ ಮೇಲೆ ಬಿದ್ದದ್ದು ಬೊಗಸೆ ನೀರೋ, ಹೊಳೆಯೋ ಎಂದು ಯಾರೂ ಕೇಳಲಿಲ್ಲ. ಅವನು ಮನೆ ಬಿಟ್ಟ ಎಂಬುದೇ ಸುದ್ದಿ. ಮಿಷನ್ ನೆಲದಲ್ಲಿ ದೊಡ್ಡವರ ದೀಕ್ಷಾಸ್ನಾನದ ಅರ್ಥವನ್ನು ದೇವಶಾಸ್ತ್ರದ ಪುಸ್ತಕಕ್ಕಿಂತ ಕಾನೂನಿನ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಮತಾಂತರವಾದವನ ಪಿತ್ರಾರ್ಜಿತದ ಹಕ್ಕು ಹೋಗಬಾರದೆಂದು 1850ರಲ್ಲಿ ಜಾತಿ ಅನರ್ಹತೆ ನಿವಾರಣಾ ಕಾಯ್ದೆ ಬಂತು. ಕ್ರೈಸ್ತನಾದ ಕಾರಣಕ್ಕೆ ಗಂಡ ಅಥವಾ ಹೆಂಡತಿ ಬಿಟ್ಟುಹೋದರೆ ಏನು ಮಾಡಬೇಕೆಂದು 1866ರಲ್ಲಿ ಇನ್ನೊಂದು ಕಾಯ್ದೆ. ಸಿವಿಲ್ ಕಾನೂನು ಮಾಡುವಷ್ಟರ ಮಟ್ಟಿಗೆ ಮನೆಗಳು ಒಡೆದಿದ್ದವು. ಬಾಸೆಲ್ ಮಿಷನ್ ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ಶುರುಮಾಡಿದ್ದರ ಹಿಂದೆ ಇದ್ದದ್ದೂ ಇದೇ ಸಂಕಟ: ದೀಕ್ಷಾಸ್ನಾನವಾದವನಿಗೆ ಮರುದಿನ ಕಸುಬಿಲ್ಲ, ಸೂರಿಲ್ಲ.

ಈ ಹಿನ್ನೆಲೆಯಲ್ಲಿ ಎರಡನೆಯ ತಲೆಮಾರಿನ ಕೂಸನ್ನು ನೋಡಿ. ಅಪ್ಪ ಅಮ್ಮ ಜಾತಿಯಿಂದ ಹೊರಬಿದ್ದವರು. ಈ ಮಗುವಿಗೆ ಬಳಗ ಯಾವುದು? ಶಿಶು ದೀಕ್ಷಾಸ್ನಾನ ಆಗ ಹೇಳಿದ್ದು ಇಷ್ಟೇ: ಈ ಕೂಸು ನಡುನೀರಿನಲ್ಲಿಲ್ಲ, ಇದಕ್ಕೊಂದು ಮನೆಯಿದೆ, ನಾವಿದ್ದೇವೆ. ಯುರೋಪಿನಲ್ಲಿ ನೋಂದಣಿ ಪುಸ್ತಕದ ಒಂದು ಸಾಲಾಗಿ ಸವೆದುಹೋಗಿದ್ದ ವಿಧಿಗೆ ಇಲ್ಲಿ ಮತ್ತೆ ಜೀವ ಬಂತು. ಹಾಗೆಂದು ಮಿಷನ್ ಅಷ್ಟಕ್ಕೇ ಬಿಡಲಿಲ್ಲ. ಮಗು ಬೆಳೆದು ಪ್ರಶ್ನೋತ್ತರ ಬಾಯಿಪಾಠ ಮಾಡಿ, ಸಭೆಯ ಮುಂದೆ ನಿಂತು, ಅಂದು ನನ್ನ ಪರವಾಗಿ ಹೇಳಿದ್ದನ್ನು ಇಂದು ನಾನೇ ಹೇಳುತ್ತೇನೆ ಎನ್ನಬೇಕು. ಅದು ದೃಢೀಕರಣ. ಅದಾದ ಮೇಲೆಯೇ ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಲ್ಲಿ, ಪಾಲು.

ಕನ್ನಡದವರಿಗೆ ಇದು ತೀರ ಹೊಸದಲ್ಲ. ಲಿಂಗಾಯತ ಮನೆಗಳಲ್ಲಿ ಹುಟ್ಟಿದ ಕೂಸಿಗೇ ಲಿಂಗಧಾರಣೆ ಮಾಡಿಸುತ್ತಾರೆ. ತಿಳಿವಳಿಕೆ ಬಂದ ಮೇಲೆ ಗುರುವಿನಿಂದ ದೀಕ್ಷೆಯಾಗುತ್ತದೆ. ಎರಡರ ಅರ್ಥ ಒಂದೇ ಎಂದು ನಾನು ಹೇಳುತ್ತಿಲ್ಲ. ಹುಟ್ಟಿನಿಂದ ಬಂದದ್ದನ್ನು ಅರಿವಿನಿಂದ ಮತ್ತೆ ತನ್ನದಾಗಿಸಿಕೊಳ್ಳಬೇಕು ಎಂಬ ಕಾಳಜಿ ಮಾತ್ರ ಎರಡೂ ಕಡೆ ಇದೆ.

ಬ್ಯಾಪ್ಟಿಸ್ಟ್ ಮನೆಯಲ್ಲಿ ಕೂಸು ಹುಟ್ಟಿದರೆ? ಅವರಿಗೂ ಅದನ್ನು ಸುಮ್ಮನೆ ಬಿಡಲಾಗುವುದಿಲ್ಲ. ಸಭೆಯ ಮುಂದೆ ತಂದು ಪ್ರಾರ್ಥಿಸಿ ದೇವರಿಗೆ ಸಮರ್ಪಿಸುತ್ತಾರೆ, ನೀರು ಹಾಕುವುದಿಲ್ಲ. ಭಾನುವಾರದ ಶಾಲೆಗೆ ಕಳಿಸುತ್ತಾರೆ, ಕಾಯುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಎರಡು ಕಡೆಯೂ ಎರಡೆರಡು ಮೆಟ್ಟಿಲುಗಳಿವೆ: ಮಗುವನ್ನು ಬರಮಾಡಿಕೊಳ್ಳುವ ಒಂದು, ಸ್ವಂತ ಬಾಯಿಂದ ಒಪ್ಪುವ ಇನ್ನೊಂದು. ನೀರು ಯಾವ ಮೆಟ್ಟಿಲ ಮೇಲಿದೆ ಎಂಬುದು ಬೇರೆ.

ಇದುವರೆಗೆ ಹೇಳಿದ್ದು ಒಬ್ಬೊಬ್ಬರ ಮಾತು. ಭಾರತದಲ್ಲಿ ಬಹುಪಾಲು ಜನ ಬಂದದ್ದು ಹಾಗಲ್ಲ, ಕೇರಿಗೆ ಕೇರಿಯೇ ಒಟ್ಟಿಗೆ. ಹದಿನಾರನೆಯ ಶತಮಾನದಲ್ಲಿ ತಮಿಳು ಕರಾವಳಿಯ ಪರವ ಮೀನುಗಾರರು ಪೋರ್ಚುಗೀಸರ ರಕ್ಷಣೆ ಬಯಸಿ ಹಾಗೆ ಬಂದರು. 1542ರ ನಂತರ ಅವರ ನಡುವೆ ಓಡಾಡಿದ ಕಥೋಲಿಕ ಮಿಷನರಿ ಫ್ರಾನ್ಸಿಸ್ ಜೇವಿಯರ್, ದೀಕ್ಷಾಸ್ನಾನ ಕೊಟ್ಟೂ ಕೊಟ್ಟೂ ತೋಳು ಸೋತುಹೋಗುತ್ತಿತ್ತು ಎಂದು ಪತ್ರದಲ್ಲಿ ಬರೆದಿದ್ದಾನೆ. ದೀಕ್ಷೆಯಿಲ್ಲದೆ ಸಾಯುವ ಕೂಸಿನ ಗತಿಯೇನು ಎಂಬ ಕಳವಳ ಅವನನ್ನು ಓಡಿಸುತ್ತಿತ್ತು. ಆ ಕಳವಳ ಸುಳ್ಳಲ್ಲ, ಆದರೆ ಕಲಿಸುವುದು ಬಹಳ ಹಿಂದೆ ಉಳಿಯಿತು.

ಇದಕ್ಕೆ ತದ್ವಿರುದ್ಧ ಆಂಧ್ರದ ಒಂಗೋಲಿನಲ್ಲಿದ್ದ ಜಾನ್ ಕ್ಲೌ, ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ. ಚರ್ಮದ ಕಸುಬಿನ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಹಿರಿಯನ ಮೂಲಕ ತೆಲುಗು ಹಳ್ಳಿಗಳಲ್ಲಿ ನಂಬಿಕೆ ಹಬ್ಬುತ್ತಿದ್ದಾಗ 1876ರ ಭೀಕರ ಬರ ಬಂತು. ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಜನ ದೀಕ್ಷಾಸ್ನಾನ ಕೇಳಿದರು. ಅವನು ಕೊಡಲಿಲ್ಲ. ಅನ್ನಕ್ಕಾಗಿ ಬಂದರೆಂಬ ಮಾತು ಅವರಿಗೂ ಬರಬಾರದು, ದೇವರ ಹೆಸರಿಗೂ ಬರಬಾರದೆಂದು ಒಂದು ವರ್ಷಕ್ಕೂ ಮೀರಿ ತಡೆಹಿಡಿದ. ಬರಗಾಲದ ಕೂಲಿ ನಿಂತ ಮೇಲೂ ಅವರು ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಸ್ಥಳೀಯ ಬೋಧಕರು ಇಬ್ಬರಿಬ್ಬರಾಗಿ ಸರದಿಯಲ್ಲಿ ನೀರಿಗಿಳಿದು ಒಬ್ಬೊಬ್ಬರನ್ನೇ ಮುಳುಗಿಸಿದರು. ಲೆಕ್ಕಕ್ಕೆ ಇದು ವೈಯಕ್ತಿಕ ನಂಬಿಕೆಯ ದೀಕ್ಷಾಸ್ನಾನ, ಕೂಸುಗಳಿಲ್ಲ. ಆದರೆ ಜನ ಬಂದದ್ದು ಹಳ್ಳಿಯಾಗಿ, ಮನೆತನವಾಗಿ, ಹಿರಿಯರ ಹಿಂದೆ. ಲುದ್ಯಳ 'ಮನೆಯವರು' ಇಲ್ಲೂ ಇದ್ದರು. ಕೂತು ಮಾತಾಡಿ ಒಟ್ಟಿಗೆ ತೀರ್ಮಾನಿಸುವ ಕೇರಿಯಲ್ಲಿ ಒಬ್ಬನ ನಿರ್ಧಾರ, ಬಳಗದ ನಿರ್ಧಾರ ಎಂದು ಎರಡು ಡಬ್ಬಿ ಮಾಡುವುದು ಕಷ್ಟ. ಒಟ್ಟಾಗಿ ಬಂದದ್ದರಿಂದಲೇ ಆ ನಂಬಿಕೆ ಕಡಿಮೆ ಸಾಚಾ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಕೌಂಡಿನ್ಯರು ಒಂಟಿಯಾಗಿ ತೆತ್ತ ಬೆಲೆಯನ್ನು ಇವರು ಒಟ್ಟಾಗಿ ತೆತ್ತರು.

ಬೆಲೆ ಇಂದಿಗೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರು ಹೊರಗೇ ಉಳಿದಿದ್ದಾರೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಹಿಳೆಯೊಬ್ಬರ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಬೇಡಿಕೆಯನ್ನು ತಳ್ಳಿಹಾಕುವಾಗ ಪರಿಗಣಿಸಿದ ಸಂಗತಿಗಳಲ್ಲಿ ಅವರಿಗೆ ಕೂಸಿದ್ದಾಗ ಆದ ದೀಕ್ಷಾಸ್ನಾನವೂ ಒಂದು. ತಂದೆತಾಯಿ ಮಾಡಿಸಿದ್ದು ಮೂರು ದಶಕದ ಮೇಲೆ ಮಗಳ ದಾಖಲೆಯಾಗಿ ನಿಂತಿತು.

ಇಬ್ಬರ ಹಾದಿಯಲ್ಲೂ ಅಪಾಯವಿದೆ. ಮಕ್ಕಳಿಗೆ ಮಾಡಿಸುವ ಸಭೆಗಳಲ್ಲಿ ಕ್ರೈಸ್ತತನ ಮೆಲ್ಲಗೆ ಇನ್ನೊಂದು ಜಾತಿಯಾಗುತ್ತದೆ: ಹುಟ್ಟಿದ್ದಕ್ಕೆ ಕ್ರೈಸ್ತ, ದೀಕ್ಷಾಸ್ನಾನ ಅಂದರೆ ಹೆಸರಿಡುವ ಊಟ. ಮಾತು ಕೊಟ್ಟ ಸಭೆ ಆ ಮಗುವನ್ನು ಮತ್ತೆ ಕೇಳುವುದಿಲ್ಲ. ಇದು ನಮ್ಮ ಸಭೆಗಳ ದೊಡ್ಡ ಸೋಲು, ಮುಚ್ಚಿಟ್ಟು ಫಲವಿಲ್ಲ. ಇನ್ನೊಂದು ಕಡೆ, ಸ್ವಂತ ನಿರ್ಧಾರಕ್ಕೆ ಅಷ್ಟು ಒತ್ತು ಕೊಟ್ಟಾಗ ನಂಬಿಕೆ ಎಂಬುದು ಸಾಕ್ಷಿ ಚೆನ್ನಾಗಿ ಹೇಳಬಲ್ಲವರ ಸೊತ್ತಾಗುತ್ತದೆ. ಬುದ್ಧಿಮಾಂದ್ಯದ ಮಗನಿರುವ ತಾಯಿಗೆ, "ಅವನು ಬಾಯಿಬಿಟ್ಟು ಹೇಳಲಿ" ಎನ್ನುವುದು ಹೇಗೆ? ಅಂಥ ತಾಯಿಯ ಎದುರು ಮಗುವಿಗೆ ನೀರು ಹಾಕುವವರ ವಾದವೇ ನನಗೆ ಹೆಚ್ಚು ಸುವಾರ್ತೆಯಂತೆ ಕೇಳಿಸುತ್ತದೆ.

ಇವತ್ತು ಕರ್ನಾಟಕದ ಮನೆಗಳಲ್ಲಿ ಹೆಚ್ಚು ನೋವು ತರುತ್ತಿರುವುದು ಎರಡನೆಯ ಸಲದ ದೀಕ್ಷಾಸ್ನಾನ. ಕೂಸಿದ್ದಾಗ ಮಾಡಿಸಿಕೊಂಡ ಹುಡುಗಿ ಬೆಂಗಳೂರಿಗೆ ಓದಲು ಹೋಗಿ, ಬೇರೆ ಸಭೆಯಲ್ಲಿ ಮುಳುಗಿ ಬರುತ್ತಾಳೆ. ಅವಳ ಪ್ರಕಾರ ಅದು ಎರಡನೆಯದಲ್ಲ, ಮೊದಲನೆಯದೇ, ಮುಂಚಿನದು ಲೆಕ್ಕಕ್ಕಿಲ್ಲ. ಅಮ್ಮನಿಗೆ ಕೇಳಿಸುವುದೇ ಬೇರೆ: ನಾವು ಕಣ್ಣೀರಿಟ್ಟು ಮಾಡಿದ ಪ್ರಾರ್ಥನೆ ಸುಳ್ಳಾಯಿತೇ? 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗ ಬ್ಯಾಪ್ಟಿಸ್ಟರೂ ಆಂಗ್ಲಿಕನರೂ ಒಂದೇ ಸೂರಿನಡಿ ಬಂದರು. ಎರಡೂ ರೂಢಿಗಳನ್ನು ಸಮಾನವಾಗಿ ಒಪ್ಪಿಕೊಂಡರು, ತಂದೆತಾಯಿ ತಮಗೆ ಸರಿಕಂಡದ್ದನ್ನು ಆರಿಸಿಕೊಳ್ಳಬಹುದು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯೊಳಗೆ ಬ್ಯಾಪ್ಟಿಸ್ಟರು ಬಂದಿರಲಿಲ್ಲವಾದ್ದರಿಂದ ಅಂಥ ಒಪ್ಪಂದದ ಅಗತ್ಯ ಇಲ್ಲಿ ಬೀಳಲಿಲ್ಲ. ಬಹುಶಃ ಅದಕ್ಕೇ ನಮ್ಮ ಕಡೆ ಈ ಮಾತು ಮನೆಯ ಜಗಳವಾಗಿಯೇ ಉಳಿದಿದೆ. 1982ರಲ್ಲಿ ಪೆರುವಿನ ಲಿಮಾದಲ್ಲಿ ಸಭೆಗಳ ವಿಶ್ವ ಮಂಡಳಿಯ ಆಯೋಗವೊಂದು ಒಪ್ಪಿದ ದಾಖಲೆ ದೀಕ್ಷಾಸ್ನಾನ ಮರುಕಳಿಸುವಂಥದ್ದಲ್ಲ ಎಂದಿತು. ಅದರ ಜತೆಗೇ, ಯೋಚನೆಯಿಲ್ಲದೆ ಸಿಕ್ಕಸಿಕ್ಕ ಕೂಸಿಗೆಲ್ಲ ಕೊಡಬಾರದೆಂದೂ ಎಚ್ಚರಿಸಿತು. ಎರಡನೆಯ ಮಾತನ್ನು ಕೇಳಿಸಿಕೊಳ್ಳದೆ ಮೊದಲನೆಯದನ್ನು ಮಾತ್ರ ಮಗಳ ಮುಂದೆ ಹಿಡಿಯುವ ಹಕ್ಕು ನಮಗಿಲ್ಲ.

ನಮ್ಮ ಹಳೆಯ ಸಭೆಗಳ ಕಪಾಟಿನಲ್ಲಿ ದೀಕ್ಷಾಸ್ನಾನದ ದಪ್ಪ ರಿಜಿಸ್ಟರ್ ಇರುತ್ತದೆ. ಹೊಸ ವಿಶ್ವಾಸಿಯ ಸಾಲಿನಲ್ಲಿ ಹಳೆಯ ಹೆಸರು, ಹೊಸ ಹೆಸರು, ಊರು. ಕೆಲವು ಹಾಳೆ ಆಚೆ ಅದೇ ಹೆಸರು ಮತ್ತೆ ಬರುತ್ತದೆ. ಈ ಸಲ ಅದು ತಂದೆಯ ಹೆಸರಿನ ಅಂಕಣದಲ್ಲಿದೆ, ಪಕ್ಕದಲ್ಲಿ ಕೆಲವೇ ವಾರಗಳ ಕೂಸಿನ ಹೆಸರು. ಮೊದಲ ಸಾಲು ಬರೆಸಿದ ದಿನ ಅವನ ಜತೆ ಮನೆಯವರು ಯಾರೂ ಬಂದಿರಲಿಕ್ಕಿಲ್ಲ. ಎರಡನೆಯ ಸಾಲಿನ ದಿನ ಇಡೀ ಸಭೆ ಎದ್ದು ನಿಂತಿರುತ್ತದೆ.